ಮಗು ಆಗದಂತೆ ತೆಗೆದುಕೊಳ್ಳುತ್ತಿದ್ದ ಗುಳಿಗೆ ಬಿಟ್ಟ ಮೇಲೆ ಮುಟ್ಟಿನ ಲೆಕ್ಕವೇ ತಪ್ಪಿದೆ, ನೋವೂ ತಡೆಯಲಾಗುತ್ತಿಲ್ಲ. ಯಾರಿಗಾದರೂ ಹೀಗೆ ಆಗಿತ್ತಾ?

ಬೆಟಗೇರಿ ಸೊಸೆ:

ಎಲ್ಲ ಅಕ್ಕಂದಿರಿಗೂ ನಮಸ್ಕಾರ. ಇದನ್ನು ಮನೆಯಲ್ಲಿ ಯಾರ ಹತ್ತಿರ ಕೇಳಬೇಕೋ ಗೊತ್ತಾಗುತ್ತಿಲ್ಲ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನನಗೆ 28 ವರ್ಷ. ಗದಗಿನಲ್ಲಿ ಒಂದು ಪ್ರಿಂಟಿಂಗ್ ಪ್ರೆಸ್‌ನಲ್ಲಿ ಡಿಟಿಪಿ ಮಾಡುತ್ತೇನೆ. ಮದುವೆಯಾದಾಗ ನಮ್ಮ ಮನೆಯವರ ಕೆಲಸ ಇನ್ನೂ ಗಟ್ಟಿಯಾಗಿರಲಿಲ್ಲ, ಮೈದುನನ ಓದಿನ ಖರ್ಚು ಬೇರೆ. ಮಗು ಸ್ವಲ್ಪ ತಡವಾಗಲಿ ಅಂತ ಇಬ್ಬರೂ ಕೂತು ಮಾತಾಡಿ ಡಾಕ್ಟರ್ ಹತ್ತಿರ ಹೋದೆವು. ಅವರು ಬಿಪಿ ನೋಡಿ, ಅರೆತಲೆನೋವು ಇದೆಯಾ, ಮನೆಯಲ್ಲಿ ಯಾರಿಗಾದರೂ ರಕ್ತ ಹೆಪ್ಪುಗಟ್ಟುವ ಕಾಯಿಲೆ ಇತ್ತಾ ಅಂತೆಲ್ಲ ಕೇಳಿ, ದಿನಾ ತೆಗೆದುಕೊಳ್ಳುವ ಗುಳಿಗೆ ಬರೆದುಕೊಟ್ಟರು. ನಾಲ್ಕೈದು ವರ್ಷ ತೆಗೆದುಕೊಂಡೆ. ಆಗ ಮುಟ್ಟು ನನಗೆ ದೊಡ್ಡ ವಿಷಯವೇ ಆಗಿರಲಿಲ್ಲ. ಪ್ಯಾಕೆಟ್‌ನ ಕೊನೆಯ ವಾರ ಬರುತ್ತಿತ್ತು, ಸ್ವಲ್ಪ ಹೋಗುತ್ತಿತ್ತು, ಮುಗಿಯುತ್ತಿತ್ತು. ಯಾವ ವಾರ ಬರುತ್ತದೆ ಅಂತ ಮೊದಲೇ ಗೊತ್ತಿರುತ್ತಿತ್ತು, ಊರಿಗೆ ಹೋಗುವುದು, ದೇವರ ಕಾರ್ಯ ಎಲ್ಲ ಅದಕ್ಕೆ ತಕ್ಕಂತೆ ಇಟ್ಟುಕೊಳ್ಳುತ್ತಿದ್ದೆ.

ಈಗ ಮಗು ಬೇಕು ಅಂತ ದೀಪಾವಳಿ ಆದ ಮೇಲೆ ಗುಳಿಗೆ ಬಿಟ್ಟೆ. ಅಲ್ಲಿಂದ ಶುರು. ಮೊದಲು ಒಂದೂವರೆ ತಿಂಗಳು ಬರಲೇ ಇಲ್ಲ. ಆಸೆಯಿಂದ ಮನೆಯಲ್ಲೇ ಟೆಸ್ಟ್ ಮಾಡಿದೆ, ಒಂದೇ ಗೆರೆ. ಆಮೇಲೆ ಬಂತು, ವಾರವಾದರೂ ನಿಲ್ಲಲಿಲ್ಲ. ಅದು ನಿಂತು ಮೂರು ವಾರ ಆಗುವಷ್ಟರಲ್ಲಿ ಮತ್ತೆ. ಈ ಸಲ ಮತ್ತೆ ತಡ.

ಲೆಕ್ಕ ತಪ್ಪಿದ್ದು ಹೋಗಲಿ, ನೋವಿನದ್ದೇ ದೊಡ್ಡ ಕಷ್ಟ. ಬರುವ ಒಂದೆರಡು ದಿನ ಮೊದಲೇ ಟೊಂಕ ಹಿಡಿಯುತ್ತದೆ. ಬಂದ ದಿನ ಹೊಟ್ಟೆಯೊಳಗೆ ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗೆ. ತೊಡೆಯವರೆಗೂ ಸೆಳೆತ ಇಳಿಯುತ್ತದೆ, ಕೈಕಾಲು ತಣ್ಣಗಾಗುತ್ತವೆ, ವಾಂತಿ ಬರುತ್ತದೆ. ಈಗ ಲಗ್ನದ ಸೀಸನ್, ಪ್ರೆಸ್‌ನಲ್ಲಿ ಪತ್ರಿಕೆ ಕೆಲಸ ರಾಶಿ ಬಿದ್ದಿದೆ. ಪಾರ್ಟಿಯವರು ಎದುರಿಗೇ ಕೂತು ಪ್ರೂಫ್ ತಿದ್ದಿಸುತ್ತಾರೆ. "ಇವರ ಹೆಸರು ಮೇಲೆ ಬರಲಿ, ಸೋದರಮಾವನ ಹೆಸರು ಬಿಟ್ಟಿದ್ದೀರಿ" ಅಂತ ಅವರು ಹೇಳುತ್ತಿದ್ದರೆ ನನಗೆ ಸ್ಕ್ರೀನ್ ಮೇಲಿನ ಅಕ್ಷರವೇ ಕಾಣುವುದಿಲ್ಲ. ಹೋದ ಸಲ ಎದ್ದು ಹೋಗಿ ಕಟಿಂಗ್ ಮಷೀನ್ ಹಿಂದೆ ಪೇಪರ್ ಬಂಡಲ್ ಮೇಲೆ ಕೂತು, ಮೊಣಕಾಲು ಹೊಟ್ಟೆಗೆ ಒತ್ತಿ ಹಿಡಿದುಕೊಂಡೆ. ಬೈಂಡಿಂಗ್ ಮಾಡುವ ಅಕ್ಕ ಒಬ್ಬರು ಏನೂ ಕೇಳದೆ ನೀರು ತಂದುಕೊಟ್ಟು, ಆ ಕಡೆ ಯಾರೂ ಬರದ ಹಾಗೆ ಅಡ್ಡ ನಿಂತರು.

ನಮ್ಮ ಅತ್ತೆ ಕೆಟ್ಟವರಲ್ಲ. ಅವರೇ ಅಜವಾನ ಕಷಾಯ ಮಾಡಿ ಕೊಡುತ್ತಾರೆ, ಬಿಸಿನೀರಿನ ಚೀಲ ತುಂಬಿಸಿ ಕೊಡುತ್ತಾರೆ. ಆದರೆ ಬಂದವರ ಮುಂದೆಲ್ಲ "ಗುಳಿಗಿ ತಿಂದು ತಿಂದು ಗರ್ಭಚೀಲ ಒಣಗಿಸ್ಕೊಂಡಾಳ ನೋಡ್ರಿ" ಅನ್ನುತ್ತಾರೆ. ಆ ಮಾತು ಕೇಳಿದ ರಾತ್ರಿ ನಿದ್ದೆ ಬರುವುದಿಲ್ಲ. ನಿಜವಾಗಿಯೂ ಹಾಗಾಗುತ್ತದಾ? ಇನ್ನು ಎಷ್ಟು ತಿಂಗಳು ಕಾಯಬೇಕು? ಮತ್ತೆ ಗುಳಿಗೆ ಶುರು ಮಾಡಿದರೆ ನೋವು ಹೋಗುತ್ತದೆ ಅಂತ ಅನ್ನಿಸುತ್ತದೆ, ಆದರೆ ಹಾಗೆ ಮಾಡಿದರೆ ಮಗು ಹೇಗೆ? ಯಾರಿಗಾದರೂ ಹೀಗೆ ಆಗಿ ಸರಿಹೋಗಿದ್ದರೆ ದಯವಿಟ್ಟು ಹೇಳಿ.

ಬ್ಯಾಡಗಿ ಅಕ್ಕ:

ತಂಗಿ, ಮೊದಲು ಧೈರ್ಯ ತಗೋ. ನಾನೂ ಎರಡನೇ ಮಗುವಿಗೆ ಮುಂಚೆ ಗುಳಿಗೆ ತೆಗೆದುಕೊಂಡು ಬಿಟ್ಟವಳೇ. ನನಗೂ ಆರಂಭದಲ್ಲಿ ಹಿಂದೆಮುಂದೆ ಆಯಿತು. ಒಂದು ತಿಂಗಳು ಬೇಗ, ಒಂದು ತಿಂಗಳು ತಡ. ಏನೂ ಔಷಧಿ ಇಲ್ಲದೆ ತಾನಾಗಿಯೇ ಲೈನಿಗೆ ಬಂತು. ಈಗ ಆ ಮಗ ಎಲ್‌ಕೆಜಿ. ಆದ್ದರಿಂದ ಗರ್ಭಚೀಲ ಒಣಗುತ್ತದೆ ಅನ್ನುವುದನ್ನು ತಲೆಯಿಂದ ತೆಗೆದುಹಾಕು.

ಆದರೆ ನಿನ್ನಷ್ಟು ನೋವು ನನಗೆ ಇರಲಿಲ್ಲ. ನಮ್ಮ ಕಡೆ ಮೆಣಸಿನಕಾಯಿ ತುಂಬು ಬಿಡಿಸುವ ಹೆಂಗಸರು ಬೆಳಗಿನಿಂದ ಸಂಜೆತನಕ ಕೂತಲ್ಲೇ ಕೂತಿರುತ್ತಾರೆ, ಎಷ್ಟು ನೋವಿದ್ದರೂ ಬಾಯಿ ಬಿಡುವುದಿಲ್ಲ. ಅದನ್ನು ನೋಡಿ ನೋಡಿ ನಮಗೆಲ್ಲ ಇದು ಸಹಿಸಿಕೊಳ್ಳುವ ವಿಷಯ ಅಂತಲೇ ಆಗಿಬಿಟ್ಟಿದೆ. ವಾಂತಿ ಬರುವಷ್ಟು ನೋವು ಅಂದರೆ ಡಾಕ್ಟರಿಗೆ ತೋರಿಸಲೇಬೇಕು ತಂಗಿ.

ಧಾರವಾಡ ಸಿಸ್ಟರ್:

ನಾನು ಸ್ಟಾಫ್ ನರ್ಸ್, ಹೆಚ್ಚು ವರ್ಷ ಹೆರಿಗೆ ವಾರ್ಡಿನಲ್ಲೇ ಕೆಲಸ ಮಾಡಿದ್ದೇನೆ. ಡಾಕ್ಟರ್ ಅಲ್ಲ, ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿ.

ನಿಮ್ಮ ಅತ್ತೆಯ ಮಾತಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ನಿಮ್ಮ ನಿದ್ದೆ ಕೆಡಿಸಿದ್ದು ಅದೇ. ಗುಳಿಗೆಯಿಂದ ಗರ್ಭಕೋಶ ಒಣಗುವುದಿಲ್ಲ, ಬಂಜೆತನ ಬರುವುದಿಲ್ಲ. ಅದು ಮಾಡುವ ಮುಖ್ಯ ಕೆಲಸ ಅಂಡಾಶಯದಿಂದ ಮೊಟ್ಟೆ ಬಿಡುಗಡೆ ಆಗದಂತೆ ತಡೆಯುವುದು. ಸರ್ಕಾರಿ ದವಾಖಾನೆಯಲ್ಲಿ ಉಚಿತವಾಗಿ ಕೊಡುವ ಮಾಲಾ-ಎನ್ ನೋಡಿದ್ದೀರಲ್ಲ, ಅದರಲ್ಲಿ 21 ಗುಳಿಗೆ ಹಾರ್ಮೋನಿನವು, ಉಳಿದ 7 ಬರೀ ಕಬ್ಬಿಣಾಂಶದವು. ಆ ಏಳು ದಿನ ಮೈಗೆ ಹಾರ್ಮೋನ್ ಸಿಗುವುದಿಲ್ಲ, ಅದಕ್ಕೇ ಆ ವಾರ ರಕ್ತ ಹೋಗುತ್ತದೆ. ಅಂದರೆ ಇಷ್ಟು ವರ್ಷ ನಿಮಗೆ ಸರಿಯಾದ ಲೆಕ್ಕಕ್ಕೆ ಬರುತ್ತಿದ್ದದ್ದು ಪ್ಯಾಕೆಟ್‌ನ ಲೆಕ್ಕ, ನಿಮ್ಮ ಮೈಯ ಲೆಕ್ಕ ಅಲ್ಲ. ಈಗ ಮೈ ತನ್ನದೇ ಲೆಕ್ಕ ಶುರು ಮಾಡಬೇಕು. ತುಂಬಾ ಜನರಿಗೆ ಒಂದರಿಂದ ಮೂರು ತಿಂಗಳಲ್ಲಿ ಅದು ಕೂಡಿಬರುತ್ತದೆ, ಕೆಲವರಿಗೆ ಇನ್ನೂ ಸ್ವಲ್ಪ ಬೇಕಾಗುತ್ತದೆ. ಬಿಟ್ಟು ಮೂರು ತಿಂಗಳಾದರೂ ಮುಟ್ಟೇ ಬರದಿದ್ದರೆ ತೋರಿಸಬೇಕು ಅನ್ನುವುದು ನಾವು ಹೇಳುವ ಲೆಕ್ಕ.

ನೋವಿನ ವಿಷಯ ಬೇರೆ. ಮುಟ್ಟಿನ ಸಮಯದಲ್ಲಿ ಗರ್ಭಕೋಶದ ಒಳಪದರದಲ್ಲಿ ಪ್ರೋಸ್ಟಾಗ್ಲಾಂಡಿನ್ ಅನ್ನುವ ರಾಸಾಯನಿಕ ತಯಾರಾಗುತ್ತದೆ. ಗರ್ಭಕೋಶವನ್ನು ಹಿಂಡುವುದು ಅದೇ, ವಾಂತಿ ಭೇದಿ ತರುವುದೂ ಅದೇ. ಗುಳಿಗೆ ತೆಗೆದುಕೊಳ್ಳುವಾಗ ಒಳಪದರ ತೆಳ್ಳಗಿರುತ್ತದೆ, ಈ ರಾಸಾಯನಿಕವೂ ಕಡಿಮೆ, ನೋವೂ ಕಡಿಮೆ. ಬಿಟ್ಟಾಗ ಮೊದಲಿನ ಸ್ಥಿತಿ ವಾಪಸ್ ಬರುತ್ತದೆ. ಅದಕ್ಕೇ ನಾನು ಕೇಳುವ ಮುಖ್ಯ ಪ್ರಶ್ನೆ ಇದು: ಗುಳಿಗೆ ಶುರು ಮಾಡುವ ಮುಂಚೆ, ಅಂದರೆ ಮದುವೆಗೆ ಮುಂಚೆ, ನಿಮ್ಮ ಮುಟ್ಟು ಹೇಗಿತ್ತು? ಆಗಲೂ ಹೀಗೇ ನೋವಿತ್ತಾ, ಆಗಲೂ ಹಿಂದೆಮುಂದೆ ಆಗುತ್ತಿತ್ತಾ?

ಇನ್ನೂ ಕೆಲವು ಕೇಳುತ್ತೇನೆ, ಸಂಕೋಚ ಬೇಡ. ಮುಟ್ಟಿನ ದಿನಗಳಲ್ಲಿ ಸಂಡಾಸಕ್ಕೆ ಹೋಗುವಾಗ ನೋವಾಗುತ್ತದಾ? ಗಂಡನ ಜೊತೆ ಸೇರುವಾಗ ಒಳಗೆ ಆಳದಲ್ಲಿ ನೋವಿದೆಯಾ? ಗದ್ದದ ಮೇಲೆ ಕೂದಲು, ಮೊಡವೆ, ಇದ್ದಕ್ಕಿದ್ದಂತೆ ತೂಕ ಜಾಸ್ತಿ ಆಗುವುದು, ಇವೇನಾದರೂ? ಪ್ಯಾಡ್ ಎಷ್ಟು ಹೊತ್ತಿಗೆ ತುಂಬುತ್ತದೆ?

ಒಂದು ಎಚ್ಚರಿಕೆ ಈಗಲೇ ಹೇಳಿಬಿಡುತ್ತೇನೆ. ಮೊದಲ ಮುಟ್ಟು ಬರುವ ಮುಂಚೆಯೇ ಮೊಟ್ಟೆ ಬಿಡುಗಡೆ ಆಗುತ್ತದೆ, ಆದ್ದರಿಂದ ಗುಳಿಗೆ ಬಿಟ್ಟ ಮೇಲೆ ಯಾವಾಗ ಬೇಕಾದರೂ ಬಸಿರಾಗಬಹುದು. ಈ ಸಲ ತಡ ಆಗಿದೆ ಅಂದಿರಿ. ನೋವಿನ ಗುಳಿಗೆ ನುಂಗುವ ಮೊದಲು ಮತ್ತೊಮ್ಮೆ ಟೆಸ್ಟ್ ಮಾಡಿ. ಡೇಟ್ ತಪ್ಪಿ, ಹೊಟ್ಟೆಯ ಒಂದೇ ಕಡೆ ಜೋರು ನೋವು, ತಲೆ ಸುತ್ತಿ ಬೀಳುವಂತಾದರೆ ಗರ್ಭವು ಗರ್ಭಕೋಶದ ಬದಲು ಅದರ ಪಕ್ಕದ ನಳಿಕೆಯಲ್ಲಿ ಕೂತಿರಬಹುದು. ಆಗ ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿಯೇ ದವಾಖಾನೆಗೆ ಹೋಗಬೇಕು. ಗಂಟೆಗೊಂದು ಪ್ಯಾಡ್ ತುಂಬುತ್ತಿದ್ದರೂ ಅಷ್ಟೇ.

ಬೆಟಗೇರಿ ಸೊಸೆ:

ಸಿಸ್ಟರ್, ಇಷ್ಟು ತಿಳಿಸಿ ಯಾರೂ ಹೇಳಿರಲಿಲ್ಲ. ಇವತ್ತು ಬೆಳಿಗ್ಗೆ ಟೆಸ್ಟ್ ಮಾಡಿದೆ, ಇಲ್ಲ ಅಂತಲೇ ಬಂತು. ಮಧ್ಯಾಹ್ನ ಮುಟ್ಟೂ ಬಂತು.

ನೀವು ಕೇಳಿದ್ದಕ್ಕೆ ಯೋಚನೆ ಮಾಡಿದೆ. ಹೌದು, ಮದುವೆಗೆ ಮುಂಚೆಯೂ ನೋವಿತ್ತು. ಪಿಯುಸಿಯಲ್ಲಿ ಫಿಸಿಕ್ಸ್ ಲ್ಯಾಬ್‌ನಲ್ಲಿ ನಿಂತವಳು ಹಾಗೇ ನೆಲಕ್ಕೆ ಕೂತಿದ್ದೆ, ಗೆಳತಿಯರು ಆಟೋದಲ್ಲಿ ಮನೆಗೆ ಬಿಟ್ಟಿದ್ದರು. ಪ್ರತಿ ತಿಂಗಳೂ ಒಂದು ದಿನ ಕಾಲೇಜು ತಪ್ಪುತ್ತಿತ್ತು. ಅವ್ವ "ಮದುವಿ ಆದ ಮ್ಯಾಲೆ ಸರಿ ಹೊಕ್ಕೈತಿ ಬಿಡು" ಅನ್ನುತ್ತಿದ್ದಳು. ಮದುವೆಯಾದ ಕೂಡಲೇ ಗುಳಿಗೆ ಶುರುವಾಯಿತು, ನೋವು ಹೋಯಿತು. ಅವ್ವನ ಮಾತು ನಿಜ ಆಯಿತು ಅಂತ ಎಲ್ಲರೂ ಅಂದುಕೊಂಡೆವು! ಡೇಟ್ ಮಾತ್ರ ಆಗ ಸರಿಯಾಗಿಯೇ ಬರುತ್ತಿತ್ತು.

ಸಂಡಾಸಕ್ಕೆ ಕೂತಾಗ ಮುಟ್ಟಿನ ಮೊದಲ ಎರಡು ದಿನ ಒಳಗೆ ಚುಚ್ಚಿದ ಹಾಗೆ ಆಗುತ್ತದೆ. ಇದಕ್ಕೂ ಮುಟ್ಟಿಗೂ ಸಂಬಂಧ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ಇನ್ನೊಂದು ಕೇಳಿದಿರಲ್ಲ, ಅದೂ ಇದೆ. ಇದನ್ನು ಡಾಕ್ಟರ್ ಎದುರು ಹೇಗೆ ಹೇಳಲಿ ಅನ್ನುವುದೇ ಚಿಂತೆ. ಕೂದಲು, ಮೊಡವೆ ಏನಿಲ್ಲ. ಪ್ಯಾಡ್ ಮೂರು ನಾಲ್ಕು ತಾಸಿಗೆ ತುಂಬುತ್ತದೆ.

ಕೇಶ್ವಾಪುರ ವೈನಿ:

ನಾನು ಸಾಮಾನ್ಯವಾಗಿ ಓದಿ ಸುಮ್ನೆ ಇರುವವಳು. ಇದನ್ನು ಓದಿ ಸುಮ್ನೆ ಇರಲಾಗಲಿಲ್ಲ. ನೀನು ಬರೆದ ಪ್ರತಿಯೊಂದೂ ನನಗೆ ಆಗಿದ್ದೇ.

ನನ್ನದು ಎಂಡೊಮೆಟ್ರಿಯೋಸಿಸ್. ಗರ್ಭಕೋಶದ ಒಳಗೆ ಇರಬೇಕಾದಂಥ ಪದರ ಹೊರಗಡೆ, ಅಂಡಾಶಯದ ಮೇಲೆ, ಕರುಳಿನ ಹತ್ತಿರ ಬೆಳೆಯುತ್ತದೆ. ಅದಕ್ಕೇ ಮುಟ್ಟಿನಲ್ಲಿ ಸಂಡಾಸಕ್ಕೆ ಹೋದರೆ ನೋವು, ಅದಕ್ಕೇ ಗಂಡನ ಜೊತೆ ಇದ್ದಾಗ ನೋವು. ಲೋಕದಲ್ಲಿ ಹತ್ತು ಹೆಂಗಸರಲ್ಲಿ ಹತ್ತಿರಹತ್ತಿರ ಒಬ್ಬರಿಗೆ ಇದು ಇರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಆದರೂ ನನಗೆ ಹೆಸರು ಗೊತ್ತಾಗುವಷ್ಟರಲ್ಲಿ ಹರೆಯದ ಅರ್ಧ ವಯಸ್ಸು ಹೋಗಿತ್ತು. ಒಬ್ಬರು ಗ್ಯಾಸ್ ಅಂದರು, ಒಬ್ಬರು ಟೆನ್ಷನ್ ಅಂದರು, ಒಬ್ಬರಂತೂ ಮಗು ಆದರೆ ಸರಿಹೋಗುತ್ತದೆ ಹೋಗಮ್ಮ ಅಂದರು. ಮೊದಲ ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ: ಸ್ಕ್ಯಾನ್ ನಾರ್ಮಲ್ ಬಂದರೂ ಈ ಕಾಯಿಲೆ ಇರಬಹುದು. ರಿಪೋರ್ಟ್ ನಾರ್ಮಲ್ ಅಂತ ನಿನ್ನ ನೋವು ಸುಳ್ಳಾಗುವುದಿಲ್ಲ.

ಆಮೇಲೆ ಹುಬ್ಬಳ್ಳಿಯಲ್ಲೇ ಒಬ್ಬ ಡಾಕ್ಟರಮ್ಮ ಕೂರಿಸಿಕೊಂಡು ಪೂರ್ತಿ ಕೇಳಿದರು. ಅಂಡಾಶಯದಲ್ಲಿ ಚಾಕೊಲೇಟ್ ಸಿಸ್ಟ್, ಅಂದರೆ ಹಳೆಯ ರಕ್ತ ತುಂಬಿದ ಗಂಟು ಸಿಕ್ಕಿತು, ದುರ್ಬೀನಿನ ಆಪರೇಷನ್ ಆಯಿತು. ಈಗ ನನಗೊಬ್ಬಳು ಮಗಳಿದ್ದಾಳೆ. ಎಲ್ಲರಿಗೂ ಆಪರೇಷನ್ ಬೇಕಾಗುವುದಿಲ್ಲ, ನಿನಗೆ ಇದೇ ಕಾಯಿಲೆ ಅಂತಲೂ ನಾನು ಹೇಳುತ್ತಿಲ್ಲ. ಆದರೆ ಗುಳಿಗೆ ಈ ನೋವನ್ನು ಅದುಮಿ ಇಟ್ಟಿರುತ್ತದೆ, ಬಿಟ್ಟಾಗ ಮೇಲೆ ಬರುತ್ತದೆ. ಇದಕ್ಕೆ ಚಿಕಿತ್ಸೆಯಾಗಿಯೇ ಅದೇ ಗುಳಿಗೆ ಕೊಡುವುದೂ ಇದೆ. ಆದ್ದರಿಂದ ಒಳಗೆ ಹೋದ ಕೂಡಲೇ "ನಮಗೆ ಈಗ ಮಗು ಬೇಕು" ಅಂತ ಮೊದಲ ಮಾತಿಗೇ ಹೇಳು. ಅದರ ಮೇಲೆ ಚಿಕಿತ್ಸೆಯ ದಾರಿಯೇ ಬದಲಾಗುತ್ತದೆ.

ಬಾಯಲ್ಲಿ ಹೇಳಲು ಸಂಕೋಚ ಆದರೆ ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೊಟ್ಟುಬಿಡು. ನಾನು ಹಾಗೇ ಮಾಡಿದ್ದು. ಅವರು ಓದಿಕೊಂಡು ಒಂದೊಂದಾಗಿ ಕೇಳಿದರು, ನಾನು ಹೌದು ಇಲ್ಲ ಅಂದರೆ ಸಾಕಾಯಿತು.

ಶಿಗ್ಗಾಂವಿ ತಾಯಿ:

ನಾನು ಗುಳಿಗೆ ಅಲ್ಲ, ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದೆ. ಬಿಟ್ಟು ಐದಾರು ತಿಂಗಳಾಯಿತು, ಮುಟ್ಟು ಇನ್ನೂ ಸರಿಯಾಗಿ ಬಂದಿಲ್ಲ. ನನಗೂ ಮೂರು ತಿಂಗಳ ಲೆಕ್ಕವೇನಾ ಸಿಸ್ಟರ್?

ಧಾರವಾಡ ಸಿಸ್ಟರ್:

ಇಲ್ಲ ಅಕ್ಕ, ಇಂಜೆಕ್ಷನ್ ಲೆಕ್ಕ ಬೇರೆ. ಅದರ ಔಷಧಿ ಮೈಯಲ್ಲಿ ನಿಧಾನವಾಗಿ ಕರಗುತ್ತದೆ. ಕೊನೆಯ ಇಂಜೆಕ್ಷನ್ ಆದ ಮೇಲೆ ಬಸಿರಾಗುವ ಶಕ್ತಿ ಮರಳಲು ಏಳರಿಂದ ಹತ್ತು ತಿಂಗಳು ಹಿಡಿಯುವುದು ಸಾಮಾನ್ಯ. ಗಾಬರಿ ಬೇಡ, ಆದರೆ ಒಂದು ಟೆಸ್ಟ್ ಮಾಡಿಕೊಳ್ಳಿ, ನಿಮ್ಮ ಆಶಾ ಕಾರ್ಯಕರ್ತೆಗೂ ತಿಳಿಸಿ.

ಬೆಟಗೇರಿ ತಂಗಿ, ಕೇಶ್ವಾಪುರದ ಅಕ್ಕ ಹೇಳಿದ್ದು ಸರಿಯಾಗಿದೆ. ಮದುವೆಗೆ ಮುಂಚೆಯೂ ನೋವಿತ್ತು, ಗುಳಿಗೆಯಿದ್ದಾಗ ಇರಲಿಲ್ಲ, ಬಿಟ್ಟಾಗ ಮತ್ತೆ ಬಂತು. ಅಂದರೆ ಗುಳಿಗೆ ಈ ನೋವನ್ನು ತಂದಿಲ್ಲ, ಮುಚ್ಚಿತ್ತು. ನಿಮ್ಮ ಅತ್ತೆಗೆ ಈ ಸಾಲನ್ನೇ ಓದಿ ಹೇಳಿ.

ಡೇಟ್ ಹಿಂದೆಮುಂದೆ ಆಗುವುದಕ್ಕೆ ಥೈರಾಯ್ಡ್ ಮತ್ತು ಪ್ರೊಲ್ಯಾಕ್ಟಿನ್ (ಎದೆಹಾಲು ಬರಿಸುವ ಹಾರ್ಮೋನ್) ರಕ್ತಪರೀಕ್ಷೆ ಬರೆಯಬಹುದು, ಜೊತೆಗೆ ಹಿಮೋಗ್ಲೋಬಿನ್. ಅದು 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, ಸುಸ್ತು ಅದರಿಂದಲೂ ಇರಬಹುದು. ಸ್ಕ್ಯಾನ್ ನೋಡಿ ಯಾರಾದರೂ ಪಿಸಿಒಡಿ (ಅಂಡಾಶಯದಲ್ಲಿ ಸಣ್ಣ ಸಣ್ಣ ನೀರುಗುಳ್ಳೆ ಕಾಣುವ ಹಾರ್ಮೋನ್ ತೊಂದರೆ) ಅಂದರೆ ಕೂಡಲೇ ಹೆದರಬೇಡಿ. ಬರೀ ಸ್ಕ್ಯಾನ್ ಮೇಲೆ ಅದನ್ನು ತೀರ್ಮಾನ ಮಾಡುವುದಿಲ್ಲ, ಮುಟ್ಟಿನ ಅಂತರ, ಕೂದಲು, ಹಾರ್ಮೋನ್ ಎಲ್ಲ ಸೇರಿಸಿ ನೋಡಬೇಕು.

ನೋವಿಗೆ ಮೆಫೆನಮಿಕ್ ಆಸಿಡ್ ಇರುವ ಗುಳಿಗೆಯನ್ನು ಎಲ್ಲರೂ ಅಂಗಡಿಯಿಂದ ತಂದು ನುಂಗುತ್ತಾರೆ. ಅದು ಪ್ರೋಸ್ಟಾಗ್ಲಾಂಡಿನ್ ಅನ್ನು ತಡೆಯುವ ಔಷಧಿಯೇ, ಕೆಲಸ ಮಾಡುತ್ತದೆ. ನೋವು ನೆತ್ತಿಗೇರಿದ ಮೇಲೆ ಅಲ್ಲ, ಶುರುವಾದಾಗಲೇ, ಊಟ ಮಾಡಿ ತೆಗೆದುಕೊಂಡರೆ ಒಳ್ಳೆಯದು. ಆದರೆ ಡಾಕ್ಟರನ್ನು ಕೇಳಿ ತೆಗೆದುಕೊಳ್ಳಿ. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ಅಸ್ತಮಾ ಇದ್ದವರಿಗೆ ಆಗಿಬರುವುದಿಲ್ಲ. 2023ರ ಕೊನೆಯಲ್ಲಿ ಇಂಡಿಯನ್ ಫಾರ್ಮಾಕೋಪಿಯಾ ಕಮಿಷನ್ ಈ ಔಷಧಿಯ ಬಗ್ಗೆ ಎಚ್ಚರಿಕೆಯನ್ನೂ ಕೊಟ್ಟಿದೆ. ಅಪರೂಪಕ್ಕೆ ಕೆಲವರಿಗೆ ಜ್ವರ, ಮೈಮೇಲೆ ಗಂದೆ, ಮುಖ ಊದುವುದು ಆಗುತ್ತದೆ, ಹಾಗಾದರೆ ನಿಲ್ಲಿಸಿ ಡಾಕ್ಟರ್ ಹತ್ತಿರ ಓಡಬೇಕು. ಬಿಸಿನೀರಿನ ಚೀಲ ಚೆನ್ನಾಗಿ ಕೆಲಸ ಮಾಡುತ್ತದೆ, ಬಿಡಬೇಡಿ. ಕಷಾಯ ಕುಡಿಯಿರಿ, ಅತ್ತೆಯ ಪ್ರೀತಿಯೂ ಅದರಲ್ಲಿದೆ. ಕಷಾಯ ಕುಡಿಯುತ್ತಿದ್ದೇನೆ ಅಂತ ದವಾಖಾನೆಗೆ ಹೋಗುವುದು ಮಾತ್ರ ಮುಂದೆ ಹಾಕಬೇಡಿ. ಮಗು ಬೇಕು ಅನ್ನುತ್ತಿದ್ದೀರಿ, ಫೋಲಿಕ್ ಆಸಿಡ್ ಗುಳಿಗೆ ಈಗಿನಿಂದಲೇ ಬೇಕಾಗುತ್ತದೆ, ದಿನಕ್ಕೆ 400 ಮೈಕ್ರೋಗ್ರಾಂ. ಅದನ್ನೂ ಕೇಳಿ ಬರೆಸಿಕೊಳ್ಳಿ.

ರಾಣೆಬೆನ್ನೂರು ಟೀಚರ್:

ಒಂದು ಮಾತು ಸೇರಿಸುತ್ತೇನೆ. ನಮ್ಮ ತಾಲೂಕಿನ ತಾಂಡಾಗಳ ಹೆಣ್ಣುಮಕ್ಕಳು ಬೇಡದಿದ್ದರೂ ಗರ್ಭಚೀಲ ತೆಗೆದರು ಅಂತ ಬೀದಿಗಿಳಿದು ಹೋರಾಡಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಹೊಟ್ಟೆನೋವು, ಬಿಳಿಸೆರಗು ಅಂತ ಹೋದವರು. ಕೆಲವರಿಗೆ ಇನ್ನೂ ಮೂವತ್ತೂ ತುಂಬಿರಲಿಲ್ಲ. ಬೇಡದ ಇಂಥ ಆಪರೇಷನ್ ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿ ಮಾಡಬೇಕು ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಿಮ್ಮ ವಯಸ್ಸಿನಲ್ಲಿ ಯಾರಾದರೂ "ತೆಗೆಸಿಬಿಡಿ, ಕಿರಿಕಿರಿ ಹೋಗುತ್ತದೆ" ಅಂದರೆ ಸಹಿ ಮಾಡಬೇಡಿ. ರಿಪೋರ್ಟ್ ಎಲ್ಲ ಕೈಗೆ ತೆಗೆದುಕೊಂಡು ಇನ್ನೊಬ್ಬ ಡಾಕ್ಟರಿಗೆ ತೋರಿಸಿ.

ಬೆಟಗೇರಿ ಸೊಸೆ:

ಎಲ್ಲರ ಮಾತನ್ನೂ ನಿನ್ನೆ ರಾತ್ರಿ ನಮ್ಮ ಮನೆಯವರಿಗೆ ಓದಿ ಹೇಳಿದೆ. ಸೋಮವಾರ ಇಲ್ಲೇ ಗದಗಿನ ಜಿಮ್ಸ್ ಸರ್ಕಾರಿ ಆಸ್ಪತ್ರೆಯ ಓಪಿಡಿಗೆ ಹೋಗೋಣ, ಬೇಕಾದರೆ ಆಮೇಲೆ ಹುಬ್ಬಳ್ಳಿ ಅಂದಿದ್ದಾರೆ. ಚೀಟಿ ಬರೆಯುತ್ತಿದ್ದೇನೆ. ಅತ್ತೆಗೆ ಸಿಸ್ಟರ್ ಹೇಳಿದ ಸಾಲು ಓದಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಹಂಗಾರ ನಾನೂ ಬರ್ತೀನಿ ಸೋಮವಾರ" ಅಂದರು.

ಎರಡು ವಿಷಯ ಉಳಿದಿವೆ. ಸ್ಕ್ಯಾನ್‌ಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕಾ? ಪ್ರೆಸ್‌ನಲ್ಲಿ ರಜೆ ಹೇಗೆ ಕೇಳಲಿ? ಸೀಸನ್‌ನಲ್ಲಿ ರಜೆ ಅಂದರೆ ಮಾಲೀಕರ ಮುಖ ನೋಡಲಾಗುವುದಿಲ್ಲ.

ಕೇಶ್ವಾಪುರ ವೈನಿ:

ರಜೆ ಬಗ್ಗೆ ನಾನು ಹೇಳುತ್ತೇನೆ. 2025ರ ಅಕ್ಟೋಬರ್‌ನಲ್ಲಿ ನಮ್ಮ ರಾಜ್ಯದ ಸಚಿವ ಸಂಪುಟ ಮುಟ್ಟಿನ ರಜೆ ನೀತಿಗೆ ಒಪ್ಪಿಗೆ ಕೊಟ್ಟಿದೆ. ತಿಂಗಳಿಗೆ ಒಂದು ದಿನ, ವರ್ಷಕ್ಕೆ 12, ಸಂಬಳದ ಸಮೇತ. ಖಾಸಗಿ ಕಡೆ ಕೆಲಸ ಮಾಡುವವರನ್ನೂ ಸೇರಿಸಿದ್ದಾರೆ. ಆ ಪೇಪರ್ ಸುದ್ದಿಯನ್ನು ಪ್ರಿಂಟ್ ತೆಗೆದುಕೊಂಡು ಹೋಗಿ ಮಾಲೀಕರ ಜೊತೆ ಮಾತಾಡು. ಅಡ್ಡ ನಿಂತ ಬೈಂಡಿಂಗ್ ಅಕ್ಕನನ್ನೂ ಜೊತೆಗೆ ಕರೆದುಕೋ, ಅವರಿಗೂ ಬೇಕಲ್ವಾ ಅದು.

ಧಾರವಾಡ ಸಿಸ್ಟರ್:

ಹೊಟ್ಟೆ ಖಾಲಿ ಇರಬೇಕಾಗಿಲ್ಲ, ಉಪ್ಪಿಟ್ಟೋ ಅವಲಕ್ಕಿಯೋ ತಿಂದೇ ಹೋಗಿ. ಹೊಟ್ಟೆಯ ಮೇಲಿಂದ ನೋಡುವ ಸ್ಕ್ಯಾನ್ ಆದರೆ ಚೆನ್ನಾಗಿ ನೀರು ಕುಡಿದು ಮೂತ್ರ ತಡೆದಿರಬೇಕು. ಯೋನಿಯ ಮೂಲಕ ಒಳಗಿನಿಂದ ನೋಡುವುದಾದರೆ ಮೂತ್ರ ಮಾಡಿ ಬರಲು ಹೇಳುತ್ತಾರೆ. ಅಂಡಾಶಯದ ಗಂಟು ನೋಡಲು ಎರಡನೆಯದು ಹೆಚ್ಚು ಸ್ಪಷ್ಟ, ಹೆದರಬೇಡಿ, ಬೇಡ ಅನ್ನಿಸಿದರೆ ಹೇಳುವ ಹಕ್ಕೂ ನಿಮಗಿದೆ. ಚೀಟಿಯಲ್ಲಿ ಮುಟ್ಟು ಬಂದ ತಾರೀಖು, ನಿಂತ ತಾರೀಖು, ಗುಳಿಗೆಯ ಹೆಸರು, ಬಿಟ್ಟ ತಿಂಗಳು ಇವನ್ನೂ ಬರೆಯಿರಿ. ಹಳೆಯ ಪ್ಯಾಕೆಟ್ ಮನೆಯಲ್ಲಿದ್ದರೆ ಅದನ್ನೇ ತೆಗೆದುಕೊಂಡು ಹೋಗಿ. ಡಾಕ್ಟರ್ ಏನಂದರು ಅಂತ ಸೋಮವಾರ ಸಂಜೆ ಬರೆಯಿರಿ, ನಾನು ನೋಡುತ್ತಿರುತ್ತೇನೆ.